ವಸಂತಕಾಲದಲ್ಲಿ ಕುಟುಂಬದೊಡನೆ ಅಡವಿಯ ನಡಿಗೆ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯವರು ಹಲವರಿದ್ದು, ಈಗ ಅವರೇ ತಾಯಂದಿರಾಗಿ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವರು. ಭೇಟಿಯಾದಾಗಲೆಲ್ಲ ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: “ಅಕ್ಕೋರೇ, ಮಕ್ಕಳನ್ನು ಎಲ್ಲಿಗಾದರೂ ಕರಕೊಂಡು ಹೋಗೋಣವೆಂದರೆ ನಮ್ಮ ಸೀಮೆಯಲ್ಲಿ ನೋಡುವಂಥದ್ದು ಏನಿದೆ?” ಒಬ್ಬರು ಗೋವೆಯ ಕಡಲನ್ನು ಹೇಳುವರು, ಇನ್ನೊಬ್ಬರು ಮಹಾಬಳೇಶ್ವರವನ್ನು. ಅವೆಲ್ಲವೂ ಒಳ್ಳೆಯ ಸ್ಥಳಗಳೇ. ಹಣವೂ ಬಿಡುವೂ ಉಳ್ಳವರು ಹೋಗಿ ಬರಲಿ. ಆದರೆ ವರ್ಷಕ್ಕೊಮ್ಮೆ ಮೋಟಾರಿನಲ್ಲಿ ಕುಳಿತು ದೂರದ ಊರಿಗೆ ಹೋಗಿ ಬರುವುದು ಒಂದು, ಮನೆಯ ಹತ್ತಿರದ ಗುಡ್ಡವನ್ನು ತಾಯಿ ತಂದೆ ಮಕ್ಕಳು ಕೂಡಿ ಕಾಲುನಡಿಗೆಯಿಂದ ಏರುವುದು ಮತ್ತೊಂದು. ಎರಡನೆಯದನ್ನು ಕುರಿತು, ಅದರಲ್ಲಿಯೂ ಹೆಣ್ಣುಮಕ್ಕಳ ಹಿತವನ್ನು ಮನಸ್ಸಿನಲ್ಲಿಟ್ಟು, ನಾಲ್ಕು ಮಾತುಗಳನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ಮೊದಲು ಕಾಲದ ವಿಚಾರ. ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ ಋತುವು. ಆದರೆ ವೈಶಾಖದಲ್ಲಿ ಕೃಷ್ಣೆ ಘಟಪ್ರಭೆಗಳ ನಡುವಣ ಈ ಸೀಮೆಯಲ್ಲಿ ನಡೆದಾಡುವುದು ಬುದ್ಧಿವಂತರ ಕೆಲಸವಲ್ಲ. ಸಹ್ಯಾದ್ರಿಯ ಮಳೆ ಅಲ್ಲಿಯೇ ಸುರಿದುಹೋಗಿ, ಅದರ ಮರೆಯಲ್ಲಿರುವ ನಮಗೆ ವರ್ಷಕ್ಕೆ ೬೦೦ ಮಿಲಿಮೀಟರಿಗಿಂತಲೂ ಕಡಿಮೆ ಮಳೆಯಾಗುವದರಿಂದ, ನೆಲವು ಬೇಗ ಕಾಯುತ್ತದೆ. ಹೀಗಿರಲು ನಡಿಗೆಗೆ ಯೋಗ್ಯವಾದ ನಮ್ಮ ವಸಂತವು ಶಿವರಾತ್ರಿಯಿಂದ ಯುಗಾದಿಯವರೆಗಿನ ಸುಮಾರು ಒಂದು ತಿಂಗಳು ಮಾತ್ರ. ಹೆಚ್ಚೆಂದರೆ ಮೇಲೆ ಒಂದು ವಾರ. ಇದೇ ಪರೀಕ್ಷೆಯ ಕಾಲವೂ ಹೌದೆಂದು ತಂದೆಗಳು ಹೇಳುವರು. ರಜೆಯ ದಿನ ಬೆಳಿಗ್ಗೆ ಮೂರು ತಾಸು ಗುಡ್ಡದ ಮೇಲಿದ್ದು ಬಂದುದರಿಂದ ಪರೀಕ್ಷೆಯಲ್ಲಿ ತಪ್ಪಿದ ಹುಡುಗಿಯನ್ನು ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಕಂಡಿಲ್ಲ.

ಈ ತಿಂಗಳಲ್ಲಿ ಅಡವಿಯು ಒಣಗಿ ಬರಿದಾಗಿರುವುದೆಂದು ಕೆಲವರ ಎಣಿಕೆ. ಸ್ವಲ್ಪ ಹತ್ತಿರ ಹೋಗಿ ನೋಡತಕ್ಕದ್ದು. ಮುತ್ತುಗದ ಮರವು ಎಲೆಗಳನ್ನೆಲ್ಲ ಉದುರಿಸಿ, ಒಂದು ಹಸಿರೆಲೆಯೂ ಇಲ್ಲದ ಕೊಂಬೆಗಳ ತುಂಬ ಕೆಂಡದಂಥ ಹೂಗಳನ್ನು ಹೊತ್ತು ನಿಲ್ಲುವ ಕಾಲವಿದು. ಎಲೆಯ ಮರೆಯಿಲ್ಲದ್ದರಿಂದ ಆ ಬಣ್ಣವು ದೂರದ ಹಕ್ಕಿಗಳಿಗೂ ಕಾಣುತ್ತದೆ. ಅವು ಮಕರಂದಕ್ಕಾಗಿ ಬಂದು ಪರಾಗವನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಯುಗಾದಿಯ ಹೊತ್ತಿಗೆ ಬೇವು ಹೂಬಿಡುತ್ತದೆ. ಬೆಲ್ಲದೊಡನೆ ಆ ಹೂವನ್ನು ತಿನ್ನುವ ಮಕ್ಕಳಿಗೆ, ಅದು ಮಳೆಗಾಲಕ್ಕೆ ಮುಂಚೆ ಹೂಬಿಡುವುದೇಕೆಂದು ಯಾರೂ ಹೇಳಿರುವುದಿಲ್ಲ. ಬೇವಿನ ಬೀಜವು ಮೊಳೆಯುವ ಶಕ್ತಿಯನ್ನು ಕೆಲವು ವಾರಗಳಲ್ಲಿಯೇ ಕಳೆದುಕೊಳ್ಳುತ್ತದೆ. ಆದಕಾರಣ ಈಗ ಹೂಬಿಟ್ಟು, ಬೇಸಿಗೆಯಲ್ಲಿ ಕಾಯಿಕಟ್ಟಿ, ಮುಂಗಾರಿನ ಸಮಯಕ್ಕೆ ಸರಿಯಾಗಿ ಹಣ್ಣು ಉದುರಿಸಿದರೆ ಮಾತ್ರ ಬೀಜಕ್ಕೆ ಹಸಿ ನೆಲ ದೊರೆಯುತ್ತದೆ. ಪುಸ್ತಕದಲ್ಲಿ ಇದನ್ನು ಒಂದು ಪುಟದಲ್ಲಿ ಓದಿಸುತ್ತೇವೆ. ಮರದ ಕೆಳಗೆ ನಿಂತು ಹೇಳಿದರೆ ಎರಡು ನಿಮಿಷ ಸಾಕು, ಮರೆಯುವುದೂ ಇಲ್ಲ.

ಇನ್ನು ಹೆಣ್ಣುಮಕ್ಕಳ ಮಾತು. ಐದನೆಯ ಇಯತ್ತೆಯವರೆಗೆ ಹುಡುಗಿಯು ಅಣ್ಣತಮ್ಮಂದಿರ ಸಂಗಡ ಹೊಲಕ್ಕೂ ಹಳ್ಳಕ್ಕೂ ಓಡಾಡಿಕೊಂಡಿರುತ್ತಾಳೆ. ದೊಡ್ಡವಳಾದಳೆಂದ ಕೂಡಲೇ ಆ ಓಡಾಟ ನಿಂತುಹೋಗುತ್ತದೆ. ಮನೆಯಿಂದ ಶಾಲೆಯ ವಾಹನ, ವಾಹನದಿಂದ ತರಗತಿಯ ಬೆಂಚು, ಮರಳಿ ಮನೆ. ಬಿಸಿಲಿಗೆ ಮೈ ಕಪ್ಪಾಗುತ್ತದೆ, ನೋಡುವವರು ಏನೆಂದಾರು ಎಂಬ ಮಾತುಗಳು ಇದಕ್ಕೆ ಕಾವಲು. ಶಾಲೆಯಿಂದ ಗುಡ್ಡ ಹತ್ತಿಸಲು ಕರೆದೊಯ್ದಾಗ, ಆರನೆಯ ಇಯತ್ತೆಯ ಮಕ್ಕಳು ಮೇಲೆ ಮುಟ್ಟಿ ಕೂಗಿ ಕರೆಯುತ್ತಿರಲು, ಒಂಬತ್ತನೆಯ ಇಯತ್ತೆಯ ಹುಡುಗಿಯರು ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕುಳಿತು ಏದುಸಿರು ಬಿಡುವುದನ್ನು ನಾನು ಪ್ರತಿವರ್ಷವೂ ನೋಡುತ್ತೇನೆ. ಮೂರು ವರ್ಷಗಳಲ್ಲಿ ಕಾಲುಗಳು ಮರೆತ ವಿದ್ಯೆ ಅದು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ತಿಳಿಸಿದೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಮಾಡಿಲ್ಲ.

ಕಣ್ಣಿನ ಸಂಗತಿಯೂ ಹೀಗೆಯೇ. ಚೀನ ದೇಶದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ, ಮೊದಲನೆಯ ತರಗತಿಯ ಮಕ್ಕಳ ಒಂದು ಗುಂಪಿಗೆ ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಾಲಕಳೆಯುವ ಏರ್ಪಾಡು ಮಾಡಿ ಮೂರು ವರ್ಷ ಪರೀಕ್ಷಿಸಿದರು. ೨೦೧೫ರಲ್ಲಿ ಪ್ರಕಟವಾದ ಅದರ ಫಲವೇನೆಂದರೆ, ಎಂದಿನಂತೆ ಇದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು ೪೦ ಮಂದಿಗೆ ದೂರದ್ದು ಕಾಣದ ದೃಷ್ಟಿದೋಷವು ಬಂದರೆ, ಬಯಲಿಗೆ ಹೋದವರಲ್ಲಿ ಅದು ಸುಮಾರು ೩೦ ಮಂದಿಗೆ ಮಾತ್ರ ಬಂದಿತು. ಮಗಳಿಗೆ ಕನ್ನಡಕ ಬಂದರೆ ವರ ಸಿಕ್ಕುವುದು ಕಷ್ಟವೆಂದು ನನ್ನೆದುರು ಕಣ್ಣೀರಿಟ್ಟ ತಾಯಂದಿರಿದ್ದಾರೆ. ಆ ಚಿಂತೆಯು ನನಗೆ ಒಪ್ಪಿಗೆಯಿಲ್ಲ. ಆದರೂ ಅಂಥವರು ಈ ಲೆಕ್ಕವನ್ನಾದರೂ ಗಮನಿಸಲಿ.

ಹುಡುಗಿಯನ್ನು ಒಬ್ಬಳನ್ನೇ ಅಡವಿಗೆ ಕಳುಹಿಸಿರೆಂದು ನಾನು ಹೇಳುತ್ತಿಲ್ಲ. ತಂದೆತಾಯಿಗಳ ಭಯಕ್ಕೆ ಕಾರಣವುಂಟು. ಆ ಭಯಕ್ಕೆ ಉತ್ತರವೇ ಕುಟುಂಬದ ನಡಿಗೆ. ಅಪ್ಪನೂ ಅವ್ವನೂ ಸಂಗಡಿದ್ದರೆ ಯಾರ ನಾಲಿಗೆಯೂ ಏಳುವುದಿಲ್ಲ. ಇಂಗ್ಲೆಂಡಿನ ಶಿಕ್ಷಣವೇತ್ತಳಾದ ಶಾರ್ಲಟ್ ಮೇಸನ್ ಎಂಬಾಕೆಯು ೧೮೮೬ರಲ್ಲಿ ಮನೆಶಿಕ್ಷಣವನ್ನು ಕುರಿತು ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಹೊಣೆಯನ್ನು ತಾಯಿಯ ಮೇಲೆಯೇ ಇರಿಸಿದ್ದಳು. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುವ ಪದ್ಧತಿ ಇದಕ್ಕಿಂತಲೂ ಹಳೆಯದು. ಅಂದಮೇಲೆ ಇದು ಹೊರಗಿನಿಂದ ಕಲಿಯಬೇಕಾದ ಸಂಗತಿಯಲ್ಲ.

ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಮೊದಲ ಹೆಸರು ಯಡಹಳ್ಳಿ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿರುವ, ಸುಮಾರು ೯೬ ಚದರ ಕಿಲೋಮೀಟರಿನ ಈ ಕುರುಚಲು ಅಡವಿಯನ್ನು ಸರಕಾರವು ೨೦೧೬ರಲ್ಲಿ ಚಿಂಕಾರ ವನ್ಯಧಾಮವೆಂದು ಸಾರಿತು. ಚಿಂಕಾರವೆಂದರೆ ಒಂದು ಜಾತಿಯ ಹುಲ್ಲೆ. ನಮ್ಮ ಜನರು ಚಿಗರಿಯೆನ್ನುವ ಕೃಷ್ಣಮೃಗಕ್ಕಿಂತ ಇದು ಚಿಕ್ಕದು. ಭುಜದವರೆಗೆ ಎರಡಡಿಗಿಂತ ತುಸು ಎತ್ತರ, ತೂಕ ಇಪ್ಪತ್ತು ಕಿಲೋಗ್ರಾಮಿನ ಮೇಲೆ ಸ್ವಲ್ಪ. ಮೈಬಣ್ಣವು ಒಣಹುಲ್ಲಿನೊಡನೆ ಎಷ್ಟು ಬೆರೆತುಹೋಗುವುದೆಂದರೆ, ಅದು ಅಲುಗಾಡುವವರೆಗೆ ಅಲ್ಲಿರುವುದೇ ತಿಳಿಯದು. ಗಾಬರಿಯಾದಾಗ ಮುಂಗಾಲಿನಿಂದ ನೆಲವನ್ನು ಒದ್ದು ಮೂಗಿನಿಂದ ಸೀನಿದಂಥ ಸದ್ದು ಮಾಡುತ್ತದೆ. ಬಹುದಿನಗಳವರೆಗೆ ನೀರು ಕುಡಿಯದೆ, ತಿಂದ ಸೊಪ್ಪಿನ ರಸದಿಂದಲೂ ಇಬ್ಬನಿಯಿಂದಲೂ ಬಾಳಬಲ್ಲದು. ರಾಜಸ್ಥಾನದ ಮರುಭೂಮಿಯಲ್ಲಿ ಹೆಚ್ಚಾಗಿರುವ ಈ ಪ್ರಾಣಿಯು ದಕ್ಷಿಣದಲ್ಲಿ ವಾಸಿಸುವ ಕೊನೆಯ ನೆಲೆಗಳಲ್ಲಿ ನಮ್ಮ ಸೀಮೆಯೂ ಒಂದು. ತೋಳ, ಕತ್ತೆಕಿರುಬ, ನರಿಗಳೂ ಇಲ್ಲಿ ಇವೆ.

ನಾನು ಯಡಹಳ್ಳಿಯನ್ನು ಮೊದಲು ಹೇಳಿದ್ದಕ್ಕೆ ಬೇರೊಂದು ಕಾರಣವುಂಟು. ಎತ್ತರದ ಮರಗಳಿಲ್ಲದ, ಜಾಲಿ ಮುಳ್ಳು ಒಣಹುಲ್ಲುಗಳ ನೆಲವನ್ನು ಕಂಡರೆ ನಾವು ಬಂಜರು, ಹಾಳುಭೂಮಿ ಎಂದು ಕರೆದುಬಿಡುತ್ತೇವೆ. ಆ ಹೆಸರಿಟ್ಟ ಕೂಡಲೇ ಅದನ್ನು ಅಗೆಯಲೂ ಒತ್ತಲೂ ಯಾರಿಗೂ ಸಂಕೋಚವಿರುವುದಿಲ್ಲ. ಚಿಂಕಾರಕ್ಕಾದರೋ ಆ ಬಯಲೇ ಮನೆ. ದಟ್ಟವಾದ ಕಾಡಿನಲ್ಲಿ ಅದು ಬದುಕಲಾರದು, ಯಾಕಂದರೆ ದೂರದಿಂದ ವೈರಿಯನ್ನು ಕಂಡು ಓಡುವುದೇ ಅದರ ರಕ್ಷಣೆಯು. ಹುಲ್ಲೆಯು ಕಣ್ಣಿಗೆ ಬೀಳದೆ ಹೋಗಬಹುದು. ಹೆಚ್ಚಿನ ದಿನ ಬೀಳುವುದಿಲ್ಲ. ಹೆಜ್ಜೆಯ ಗುರುತು, ಹಿಕ್ಕೆ, ಗೌಜಲಹಕ್ಕಿಯ ಕೂಗು ಇಷ್ಟು ಸಿಕ್ಕಿದರೂ ಮಕ್ಕಳಿಗೆ ಹಬ್ಬ. ಒಳಗೆ ಹೋಗಲು ಅರಣ್ಯ ಇಲಾಖೆಯವರ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು, ಅವರು ತೋರಿಸಿದ ಹಾದಿಯನ್ನು ಬಿಡಬಾರದು. ಮನೆಯ ನಾಯಿಯನ್ನು ಸಂಗಡ ಒಯ್ಯಲೇಬಾರದು. ನಾಯಿಯು ಮುಧೋಳದ್ದಾದರಂತೂ ಸರ್ವಥಾ ಕೂಡದು. ಘೋರ್ಪಡೆ ಅರಸರು ಪೋಷಿಸಿದ, ೨೦೦೫ರಲ್ಲಿ ಅಂಚೆಚೀಟಿಯ ಮೇಲೆಯೂ ಬಂದ ಆ ತಳಿಯು ಬೇಟೆಯನ್ನು ಕಣ್ಣಿನಿಂದ ಕಂಡು ಬೆನ್ನಟ್ಟುವದಕ್ಕಾಗಿಯೇ ಬೆಳೆಸಿದ್ದು. ಮುಧೋಳದವರ ಆ ಹೆಮ್ಮೆಯು ಒಂದು ಬೆಳಿಗ್ಗೆ ಮನೆಯಲ್ಲಿಯೇ ಇರಲಿ.

ಚಿಕ್ಕ ಮಕ್ಕಳಿರುವ ಜಮಖಂಡಿಯವರಿಗೆ ಊರಿನ ರಾಮತೀರ್ಥದ ಗುಡ್ಡವೇ ಸಾಕು. ಮೇಲೆ ಪಟವರ್ಧನ ಸಂಸ್ಥಾನಿಕರ ಅರಮನೆಯೂ ದೇವಾಲಯವೂ ಇವೆ. ಆ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತೆಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಬಹುದು. ಏರುವಾಗ ಐದು ವರ್ಷದ ಮಗುವಿನ ಹೆಜ್ಜೆಗೆ ನಾವು ಹೊಂದಿಕೊಳ್ಳಬೇಕೇ ಹೊರತು ಮಗುವು ನಮ್ಮ ಹೆಜ್ಜೆಗೆ ಅಲ್ಲ. ಅದು ಒಂದು ಇರುವೆಯ ಸಾಲಿಗೆ ಹತ್ತು ನಿಮಿಷ ನಿಂತರೆ ನಾವೂ ನಿಲ್ಲತಕ್ಕದ್ದು. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಚಿಕ್ಕಪಡಸಲಗಿಯ ಬಳಿ ಕೃಷ್ಣೆಯ ದಂಡೆಗೆ ಹೋಗಿರಿ. ಬೇಸಿಗೆಯಲ್ಲಿ ಹೊಳೆ ಬತ್ತಿ ಬೆಳೆ ಒಣಗುತ್ತಿದ್ದಾಗ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, ೧೯೮೯ರಲ್ಲಿ ಕಟ್ಟಿ ಮುಗಿಸಿದ ಒಡ್ಡು ಅಲ್ಲಿದೆ. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ಬೆವರಿನ ಹನಿಯಿಂದಾದ ಸಾಗರವೆಂಬ ಆ ಹೆಸರನ್ನು ಮಕ್ಕಳಿಂದಲೇ ಬಿಡಿಸಿ ಹೇಳಿಸಿರಿ.

ರಬಕವಿ-ಬನಹಟ್ಟಿಯವರು ಮಗ್ಗದ ಮುಂದೆ ಕುಳಿತು ಬಾಳುವ ಜನ. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಸುಮ್ಮನಿರುವ ಬಯಲು ಒಂದು ಹೊಸ ಪದಾರ್ಥವೇ ಸರಿ. ಕಬ್ಬು ಅರಿಷಿಣಗಳ ಹೊಲಗಳ ನಡುವೆ ಹೊಳೆಯ ಕಡೆಗೆ ಹೋಗುವ ಹಾದಿಗಳು ಅವರಿಗೆ ಸಮೀಪ. ಮಹಾಲಿಂಗಪುರದ ಸುತ್ತ ಬೆಲ್ಲದ ಗಾಣಗಳು ನಡೆಯುತ್ತಿದ್ದರೆ, ಒಡೆಯರನ್ನು ಕೇಳಿ ಕೊಪ್ಪರಿಗೆಯಿಂದ ದೂರ ನಿಂತು ನೋಡಬಹುದು. ಮುಧೋಳದವರಿಗೆ ರನ್ನಕವಿಯ ಮಾತು ಬೇರೆ ಹೇಳಬೇಕಾಗಿಲ್ಲ. ಆದರೂ ಮಕ್ಕಳಿಗೆ, ಹತ್ತನೆಯ ಶತಮಾನದ ಆ ಮಹಾಕವಿಯು ಬಳೆಗಾರರ ಮನೆಯಲ್ಲಿ ಹುಟ್ಟಿದವನೆಂದೂ, ಊರಿಂದೂರಿಗೆ ನಡೆದು ಬಳೆ ಮಾರುವವರ ಮಗನೆಂದೂ ದಾರಿಯಲ್ಲಿ ಹೇಳಿದರೆ ಅವರ ಕಾಲುನೋವು ಸ್ವಲ್ಪ ಕಡಿಮೆಯಾದೀತು.

ಬೀಳಗಿಯ ಕಡೆ ಎರಡು ವಿಶೇಷಗಳಿವೆ. ಮೊದಲನೆಯದು ಕಲ್ಲು. ಬೀಳಗಿ ಬಾಗಲಕೋಟೆಗಳ ಸುತ್ತಣ ಗುಡ್ಡಗಳಲ್ಲಿ ಕಲಾದಗಿಯ ಹೆಸರಿನಿಂದ ಭೂಶಾಸ್ತ್ರಜ್ಞರು ಕರೆಯುವ ಶಿಲೆಗಳಿವೆ. ರಾಬರ್ಟ್ ಬ್ರೂಸ್ ಫೂಟ್ ಎಂಬವರು ಇಲ್ಲಿ ಅಲೆದು ೧೮೭೬ರಲ್ಲಿ ಇವನ್ನು ವಿವರಿಸಿ ಬರೆದರು. ಇವು ನೂರು ಕೋಟಿ ವರ್ಷಗಳಿಗೂ ಹಿಂದೆ, ಆಳವಿಲ್ಲದ ನೀರಿನ ತಳದಲ್ಲಿ ಮರಳು ಕೂತು ಗಟ್ಟಿಯಾಗಿ ಆದವು. ಆದುದರಿಂದ ಕೆಲವು ಕಲ್ಲುಹಾಸುಗಳ ಮೇಲೆ, ಹೊಳೆಯ ದಂಡೆಯ ಉಸುಕಿನಲ್ಲಿ ಕಾಣುವಂಥ ತೆರೆಯ ಗೆರೆಗಳು ಇಂದಿಗೂ ಇವೆ. ಅಂಥ ಒಂದು ಕಲ್ಲು ಸಿಕ್ಕಿದರೆ ಮಗಳ ಕೈಯನ್ನು ಅದರ ಮೇಲೆ ಇಡಿಸಿರಿ. ಎರಡನೆಯದು ಆಲಮಟ್ಟಿ ಆಣೆಕಟ್ಟಿನ ಹಿನ್ನೀರು. ಘಟಪ್ರಭೆಯು ೨೮೩ ಕಿಲೋಮೀಟರು ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಸೀಮೆಯೆಲ್ಲ ಈಗ ಅಗಲವಾದ ನೀರು. ಚಳಿಗಾಲದಲ್ಲಿ ಬಂದ ರಾಜಹಂಸಗಳ ಗುಂಪುಗಳು ವಸಂತದವರೆಗೂ ಅಲ್ಲಲ್ಲಿ ಉಳಿದಿರುವುದುಂಟು. ಬೇಸಿಗೆ ಏರಿದಂತೆ ನೀರು ಹಿಂದೆ ಸರಿದು ಹಳೆಯ ನೆಲವು ಹೊರಬೀಳುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ತವರುಮನೆಯು ಈ ನೀರಿನ ಕೆಳಗಿರುವವರು ಇದ್ದಾರೆ. ಅವರು ಮಕ್ಕಳನ್ನು ಆ ದಂಡೆಗೆ ಕರೆದೊಯ್ದು, ನಮ್ಮ ಹೊಲವು ಇಂಥ ಕಡೆಗಿತ್ತು, ಬಾವಿಯು ಇಂಥ ಕಡೆಗಿತ್ತು ಎಂದು ಬೆರಳಿನಿಂದ ತೋರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ತೋರಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು.

ಅಜ್ಜಿಯು ನಡೆಯಬಲ್ಲವಳಾಗಿದ್ದರೆ ಅವಳನ್ನು ಬಿಟ್ಟು ಹೋಗಬೇಡಿರಿ. ದಸರೆಯಲ್ಲಿ ಬಂಗಾರವೆಂದು ಹಂಚುವ ಎಲೆಯ ಬನ್ನಿಯಾವುದು, ಜ್ವರಕ್ಕೆ ಕಾಸುವ ಲೆಕ್ಕಿಯ ಗಿಡವಾವುದು, ಬಾರಿಹಣ್ಣು ಎಂದು ತೀರುತ್ತದೆ, ಕವಳಿಹಣ್ಣು ಎಂದು ಬರುತ್ತದೆ ಎಂಬುದನ್ನೆಲ್ಲ ನಮ್ಮ ಪಾಠಪುಸ್ತಕಗಳು ಹೇಳುವುದಿಲ್ಲ. ನನ್ನಂಥ ತರಬೇತಿ ಪಡೆದ ಶಿಕ್ಷಕಿಯರಲ್ಲಿಯೂ ಎಲ್ಲರಿಗೂ ತಿಳಿದಿರುವುದಿಲ್ಲ. ಎಲ್ಲೆಲ್ಲಿಯೂ ಹಬ್ಬಿರುವ ಬಳ್ಳಾರಿ ಜಾಲಿಯು ಅಮೇರಿಕದಿಂದ ಬಂದ ಗಿಡವೆಂಬ ಮಾತನ್ನು ಮಾತ್ರ ಅಜ್ಜಿಗೆ ಮೊಮ್ಮಗಳು ಹೇಳಲಿ.

ಇನ್ನು ಸಿದ್ಧತೆಯ ವಿಷಯ. ಬೆಳಕು ಹರಿಯುವ ಹೊತ್ತಿಗೆ ನಡೆಯಲಾರಂಭಿಸಿ ಹತ್ತು ಗಂಟೆಯೊಳಗೆ ನೆರಳು ಸೇರತಕ್ಕದ್ದು. ಬುತ್ತಿಗೆ ಕಟಕರೊಟ್ಟಿ, ಶೇಂಗಾದ ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗೆ ಸಾಕು. ವಿನೋದದ ನಡಿಗೆಗಾಗಿ ತಾಯಿಯು ನಸುಕಿನ ಮೂರು ಗಂಟೆಗೆ ಎದ್ದು ಹೋಳಿಗೆ ಬೇಯಿಸಬೇಕಾದರೆ, ಅದು ಮಿಕ್ಕವರಿಗೆ ವಿನೋದ, ಅವಳಿಗೆ ಕೂಲಿ. ರೊಟ್ಟಿಯನ್ನು ಹಿಂದಿನ ದಿನವೇ ಮಾಡಿಡಬಹುದು; ಗಂಟನ್ನು ತಂದೆಯು ಹೊರಲಿ. ನೀರು ತಲೆಗೆ ಒಂದು ಲೀಟರಿಗೆ ಕಡಿಮೆಯಿರಬಾರದು. ಬೆವರಿನಲ್ಲಿ ಉಪ್ಪೂ ಹೋಗುವದರಿಂದ ಬರಿಯ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ ಮೇಲು. ವಾಂತಿಭೇದಿಗಳಾದರೆ ಕಾಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾದ ಆರು ಚಹಾಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕಲಸಿ ಗುಟುಕುಗುಟುಕಾಗಿ ಕುಡಿಸಬೇಕು. ಬಿಸಿಲಿನಲ್ಲಿ ಮಗುವು ಅಸಂಬದ್ಧವಾಗಿ ಮಾತಾಡಿದರೆ ಅಥವಾ ಮೈ ಕೆಂಡದಂತೆ ಸುಟ್ಟರೆ, ನೆರಳಿನಲ್ಲಿ ಮಲಗಿಸಿ ಮೈಗೆ ನೀರು ಸುರಿದು ಗಾಳಿ ಹಾಕುತ್ತ ೧೦೮ಕ್ಕೆ ಕರೆ ಮಾಡತಕ್ಕದ್ದು.

ಕಲ್ಲುಬಂಡೆಗಳ ಈ ಒಣಸೀಮೆಯು ಗರಗಸಮಂಡಲವೆಂಬ ಚಿಕ್ಕ ವಿಷಸರ್ಪಕ್ಕೆ ಒಗ್ಗಿದ್ದು. ಆದಕಾರಣ ಮುಚ್ಚಿದ ಬೂಟು ಹಾಕಿಸಿರಿ. ಕಲ್ಲನ್ನು ಕೈಯಿಂದ ಎತ್ತಿ ನೋಡಲು ಬಿಡಬೇಡಿರಿ. ಕಚ್ಚಿತೆಂದರೆ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು. ಮೊದಲು ಕೈಬಳೆ, ಉಂಗುರ, ಕಾಲುಂಗುರಗಳನ್ನು ತೆಗೆದುಬಿಡಿರಿ, ಯಾಕಂದರೆ ಬಾತ ಮೇಲೆ ಅವು ಮಾಂಸದಲ್ಲಿ ಹೂಳಿಹೋಗುತ್ತವೆ. ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮಂತ್ರಿಸುವವರ ಮನೆಯಲ್ಲಿ ಕಳೆದ ತಾಸು ಮರಳಿ ಬಾರದು. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿರುವದರಿಂದ, ನೀರು ಎಷ್ಟೇ ಶಾಂತವಾಗಿ ತೋರಿದರೂ ಮಕ್ಕಳು ಅದರಲ್ಲಿ ಇಳಿಯಕೂಡದು.

ಇವೆಲ್ಲವುಗಳಿಗಿಂತ ನಾನು ಹೆಚ್ಚು ಅಂಜುವುದು ಕಬ್ಬಿನ ಟ್ರಾಕ್ಟರಿಗೆ. ಎರಡೆರಡು ಗಾಡಿಗಳನ್ನು ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ, ದೊಡ್ಡ ಹಾಡು ಹಚ್ಚಿಕೊಂಡು ಬರುವ ಆತನಿಗೆ ರಸ್ತೆಯ ಅಂಚಿನಲ್ಲಿರುವ ಮಗುವಿನ ಕೂಗು ಕೇಳುವ ಸಂಭವವೇ ಇಲ್ಲ. ಕಾರ್ಖಾನೆಗಳು ಕಬ್ಬು ನುರಿಸುವ ಕಾಲವು ಮುಗಿಯುವವರೆಗೆ, ದೊಡ್ಡ ರಸ್ತೆಯ ಮೇಲೆ ನಸುಕಿನಲ್ಲಿ ನಡೆಯಲೇಬೇಡಿರಿ. ಗುಡ್ಡದ ಬುಡದವರೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ಕಾಲುದಾರಿಯನ್ನು ಹಿಡಿಯುವುದು ಲೇಸು. ಇಳಿಯುವಾಗ ದೊಡ್ಡ ಮಗಳನ್ನು ಮುಂದೆ ಬಿಟ್ಟು, ಹಾದಿಯನ್ನು ಅವಳೇ ಹುಡುಕಿ ತೋರಿಸಲಿ. ನೀವು ಹಿಂದಿನಿಂದ ಬನ್ನಿರಿ.